ಚದುರಂಗದಲ್ಲಿ ತಂತ್ರನಡೆಯ ಹುಡುಕಾಟ

ಎದುರಾಳಿಗೆ ಆಯ್ಕೆಯನ್ನೇ ಉಳಿಸದೆ, ಎರಡು ನಾಲ್ಕು ನಡೆಗಳಲ್ಲೇ ಕಾಯಿ ಗೆದ್ದುಕೊಡುವ, ರಾಜನಿಗೆ ಮಾತ್ ಕೊಡುವ, ಇಲ್ಲವೆ ಸೋಲುತ್ತಿರುವ ಆಟವನ್ನು ಡ್ರಾಗೆ ಎಳೆದು ತರುವ ನಡೆಯನ್ನು ಚದುರಂಗದಲ್ಲಿ ತಂತ್ರನಡೆ ಎನ್ನಬಹುದು. ಟೂರ್ನಿಗೆ ಹೋಗುವ ಮಕ್ಕಳ ಬಾಯಲ್ಲಿ ಇದು ‘ಟ್ಯಾಕ್ಟಿಕ್ಸ್’. ಹತ್ತಾರು ನಡೆಗಳ ಮುಂದಿನ ಗುರಿ ಇಟ್ಟುಕೊಂಡು ಕಾಯಿಗಳನ್ನು ಒಳ್ಳೆಯ ಮನೆಗಳಿಗೆ ಸೇರಿಸುವ ಯೋಜನೆ ಬೇರೆ, ಈ ಕ್ಷಣದಲ್ಲಿ ಬಿದ್ದಿರುವ ಅವಕಾಶವನ್ನು ಹಿಡಿಯುವ ತಂತ್ರ ಬೇರೆ. ಆದರೂ ಹೊಸಬರ ಆಟಗಳು ತೀರ್ಮಾನವಾಗುವುದು ಬಹುಪಾಲು ಎರಡನೆಯದರಿಂದಲೇ. ಯೋಜನೆ ಎಷ್ಟೇ ಚೆನ್ನಾಗಿದ್ದರೂ ಒಂದು ಫೋರ್ಕ್ ಕಾಣದೆ ಹೋದರೆ ಎಲ್ಲ ನೀರುಪಾಲು.

ಕಾಯಿಗಳ ಹೆಸರು ಊರಿಂದೂರಿಗೆ ಕೊಂಚ ಬದಲಾಗುತ್ತದೆ. ಇಲ್ಲಿ ಮೂಲೆಯಲ್ಲಿ ನಿಂತು ನೇರಕ್ಕೆ ಹೋಗುವುದು ಆನೆ, ಓರೆಗೆ ಹೋಗುವುದು ಒಂಟೆ, ಎಂಟೂ ದಿಕ್ಕಿಗೆ ಹೋಗುವುದು ಮಂತ್ರಿ. ಮನೆಗಳನ್ನು ಬಿಳಿಯ ಎಡಗೈ ಕಡೆಯಿಂದ ಎ ಯಿಂದ ಎಚ್ ವರೆಗಿನ ಕಂಬಗಳು ಮತ್ತು 1ರಿಂದ 8ರ ಸಾಲುಗಳಿಂದ ಗುರುತಿಸಲಾಗಿದೆ.

ತಂತ್ರ ಹುಟ್ಟುವ ಕಡೆ

ಎದುರಾಳಿಯ ಪಾಳೆಯದಲ್ಲಿ ಏನೋ ಒಂದು ಕೊರತೆ ಇಲ್ಲದೆ ತಂತ್ರ ಹುಟ್ಟುವುದಿಲ್ಲ. ಕಾವಲಿಲ್ಲದ ಕಾಯಿ, ಓಡಲು ಮನೆಯಿಲ್ಲದ ರಾಜ, ಒಂದೇ ಗೆರೆಯಲ್ಲಿ ನಿಂತ ರಾಜ ಮತ್ತು ಮಂತ್ರಿ, ಎರಡೆರಡು ಕಾವಲನ್ನು ಒಬ್ಬನೇ ಹೊತ್ತ ಕುದುರೆ: ಅನುಭವಿಯ ಕಣ್ಣು ಮೊದಲು ಹೋಗುವುದು ಇವುಗಳ ಕಡೆಗೆ. ನಡೆ ಯಾವುದು ಎಂಬ ಪ್ರಶ್ನೆ ಆಮೇಲೆ. ಹೊಸಬರು ಇದನ್ನು ತಿರುವುಮುರುವು ಮಾಡುತ್ತಾರೆ. ಕೈಗೆ ಸಿಕ್ಕ ನಡೆಯನ್ನು ಹಿಡಿದು ಅದರಿಂದ ಏನಾದರೂ ಗಿಟ್ಟೀತೇ ಎಂದು ನೋಡುತ್ತಾ ಹೋಗುತ್ತಾರೆ, ಗಡಿಯಾರ ಓಡುತ್ತಿರುತ್ತದೆ.

ಕೊರತೆಯನ್ನು ಲಾಭವಾಗಿಸುವ ದಾರಿಗಳು ಲೆಕ್ಕಕ್ಕೆ ಸಿಗುವಷ್ಟೇ ಇವೆ. ಒಂದೇ ಕಾಯಿ ಏಕಕಾಲಕ್ಕೆ ಎರಡರ ಮೇಲೆ ಬೀಳುವುದು ಫೋರ್ಕ್. ಕುದುರೆಯ ದಾಳಿಗೆ ಬೇರೆ ಕಾಯಿ ಅಡ್ಡ ನಿಲ್ಲಲು ಬರುವುದಿಲ್ಲವಾದ್ದರಿಂದ ಅದರ ಫೋರ್ಕ್ ಎಲ್ಲಕ್ಕಿಂತ ನೋವು ಕೊಡುತ್ತದೆ. ಹಿಂದೆ ರಾಜನೋ ಮಂತ್ರಿಯೋ ಇರುವುದರಿಂದ ಮುಂದಿನ ಕಾಯಿ ಕದಲಲಾಗದಿದ್ದರೆ ಅದು ಪಿನ್. ಬೆಲೆಬಾಳುವ ಕಾಯಿ ಮುಂದಿದ್ದು, ಅದು ಸರಿದಾಗ ಹಿಂದಿನದು ಹೊಡೆತಕ್ಕೆ ಸಿಕ್ಕರೆ ಸ್ಕ್ಯೂವರ್. ಒಂದು ಕಾಯಿ ಸರಿದು ಹಿಂದಿನ ಕಾಯಿಯ ದಾರಿ ತೆರೆಯುವುದು ಮರೆದಾಳಿ. ಸರಿದ ಕಾಯಿಯೂ ಚೆಕ್ ಕೊಟ್ಟರೆ ಡಬಲ್ ಚೆಕ್. ಡಬಲ್ ಚೆಕ್ಕಿಗೆ ಅಡ್ಡ ಹಾಕಿ ಪ್ರಯೋಜನವಿಲ್ಲ, ಒಂದನ್ನು ಹೊಡೆದರೆ ಇನ್ನೊಂದು ಉಳಿಯುತ್ತದೆ, ರಾಜ ಕದಲಲೇಬೇಕು. ಇದನ್ನು ಬಳಸುವ ಅತಿ ಹಳೆಯ ವರಸೆಯೊಂದು ಸ್ಪೇನಿನ ಲುಸೇನಾ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಇದೆ. ಬಿಳಿಯ ಮಂತ್ರಿ ಓರೆಗೆರೆಯಲ್ಲಿ ಜಿ8ರ ಮನೆಯನ್ನು ನೋಡುತ್ತಿದೆ, ಕಪ್ಪು ರಾಜ ಎಚ್8ರಲ್ಲಿದ್ದಾನೆ. ಕುದುರೆ ಎಫ್7ಕ್ಕೆ ಬಂದು ಚೆಕ್ ಕೊಡುತ್ತದೆ, ರಾಜ ಜಿ8ಕ್ಕೆ ಸರಿಯುತ್ತಾನೆ. ಕುದುರೆ ಎಚ್6ಕ್ಕೆ ಹಾರಿದೊಡನೆ ಮಂತ್ರಿಯ ದಾರಿ ತೆರೆದು ಡಬಲ್ ಚೆಕ್. ರಾಜ ಮತ್ತೆ ಎಚ್8ಕ್ಕೆ. ಈಗ ಮಂತ್ರಿ ತಾನೇ ಜಿ8ಕ್ಕೆ ನುಗ್ಗುತ್ತದೆ. ಕುದುರೆಯ ಕಾವಲಿರುವುದರಿಂದ ರಾಜ ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಆನೆ ಜಿ8ಕ್ಕೆ ಬಂದು ಕೂತೊಡನೆ ರಾಜನ ಸುತ್ತ ತನ್ನವರದೇ ಗೋಡೆ. ಕುದುರೆ ಎಫ್7ಕ್ಕೆ ಬಂದರೆ ಮಾತ್. ಅತಿ ದೊಡ್ಡ ಕಾಯಿಯನ್ನೇ ಬಲಿ ಕೊಟ್ಟು ಒಂದೇ ಕುದುರೆಯಿಂದ ಆಟ ಮುಗಿಸುವ ಈ ಸಾಲು ನೋಡಿದ ಮಗು ಚದುರಂಗವನ್ನು ಬಿಡುವುದು ಕಷ್ಟ.

ಹುಡುಕುವ ಕ್ರಮ

ಒಂದು ಸ್ಥಿತಿಯಲ್ಲಿ ಸರಾಸರಿ ಮೂವತ್ತಕ್ಕೂ ಹೆಚ್ಚು ನಡೆಗಳಿಗೆ ಅವಕಾಶವಿರುತ್ತದೆ. ಪ್ರತಿಯೊಂದಕ್ಕೂ ಎದುರಾಳಿಯ ಅಷ್ಟೇ ಉತ್ತರಗಳನ್ನು ಸೇರಿಸಿದರೆ ಒಂದು ಸುತ್ತಿಗೇ ಸಾವಿರ ದಾಟುತ್ತದೆ. ಗಣಿತಜ್ಞ ಕ್ಲಾಡ್ ಶ್ಯಾನನ್ 1950ರಲ್ಲಿ ಹಾಕಿದ ಅಂದಾಜಿನಂತೆ ಸಾಧ್ಯವಿರುವ ಆಟಗಳ ಸಂಖ್ಯೆ 1ರ ಮುಂದೆ 120 ಸೊನ್ನೆಗಳಷ್ಟು. ಎಲ್ಲವನ್ನೂ ನೋಡಿ ಮುಗಿಸುತ್ತೇನೆ ಎನ್ನುವುದು ಮನುಷ್ಯನ ಕೈಲಾಗದ ಮಾತು. ಆದ್ದರಿಂದಲೇ ತರಬೇತುದಾರರು ಮೊದಲು ಚೆಕ್‌ಗಳು, ಆಮೇಲೆ ಹೊಡೆತಗಳು, ಕೊನೆಗೆ ಬೆದರಿಕೆಗಳು ಎಂಬ ಕ್ರಮವನ್ನು ಕಲಿಸುತ್ತಾರೆ. ಎದುರಾಳಿಯ ಉತ್ತರಗಳು ಕಡಿಮೆ ಇರುವ ನಡೆಗಳನ್ನು ಮೊದಲು ಪರಿಶೀಲಿಸಿದರೆ ಲೆಕ್ಕ ಚಿಕ್ಕದಾಗುತ್ತದೆ ಎಂಬುದೇ ಇದರ ತಿರುಳು. ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಅಲೆಕ್ಸಾಂಡರ್ ಕೊಟೋವ್ ಇನ್ನೂ ಬಿಗಿಯಾದ ಶಿಸ್ತು ಹೇಳಿಕೊಟ್ಟರು: ಪರಿಶೀಲಿಸಬೇಕಾದ ನಡೆಗಳ ಪಟ್ಟಿ ಮನಸ್ಸಿನಲ್ಲೇ ಮಾಡಿಕೊಂಡು, ಒಂದೊಂದು ಕವಲನ್ನೂ ಒಂದೇ ಸಲ ನೋಡಿ ಮುಗಿಸಬೇಕು, ಹಿಂದೆ ಮುಂದೆ ಅಲೆಯಬಾರದು. ಕೊಟೋವ್ ಹೇಳಿದಷ್ಟು ಅಚ್ಚುಕಟ್ಟಾಗಿ ದೊಡ್ಡ ಆಟಗಾರರೂ ಯೋಚಿಸುವುದಿಲ್ಲ, ಆದರೆ ಕಲಿಯುವವರಿಗೆ ಈ ಶಿಸ್ತಿನಿಂದ ಒಳಿತೇ ಹೆಚ್ಚು.

ಹಲಗೆ ಇರುವವರು ಈ ಸಾಲನ್ನು ಆಡಿ ನೋಡಬಹುದು. ಬಿಳಿಯ ಇ4ಕ್ಕೆ ಕಪ್ಪು ಇ5. ಕುದುರೆ ಎಫ್3ಕ್ಕೆ ಬಂದರೆ ಕಾಲಾಳು ಡಿ6. ಒಂಟೆ ಸಿ4ಕ್ಕೆ ಬಂದರೆ ಕಪ್ಪಿನ ಒಂಟೆ ಜಿ4ಕ್ಕೆ ಬಂದು ಕುದುರೆಯನ್ನು ಮಂತ್ರಿಗೆ ಪಿನ್ ಮಾಡುತ್ತದೆ. ಇನ್ನೊಂದು ಕುದುರೆ ಸಿ3ಕ್ಕೆ, ಕಪ್ಪು ಕಾಲಾಳು ಜಿ6ಕ್ಕೆ. ಎಫ್3ರ ಕುದುರೆ ಕದಲಿದರೆ ಮಂತ್ರಿ ಹೋಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಿಳಿ ಆಟಗಾರ ಅದೇ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆಯುತ್ತಾನೆ. ಕಪ್ಪು ಒಂಟೆ ಆಸೆಪಟ್ಟು ಡಿ1ರ ಮಂತ್ರಿಯನ್ನು ತಿಂದರೆ ಬಿಳಿ ಒಂಟೆ ಎಫ್7ರಲ್ಲಿ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತದೆ, ರಾಜನಿಗೆ ಇ7 ಬಿಟ್ಟರೆ ಬೇರೆ ಮನೆಯಿಲ್ಲ, ಸಿ3ರ ಕುದುರೆ ಡಿ5ಕ್ಕೆ ಹಾರಿ ಮಾತ್. ಮಂತ್ರಿಯನ್ನು ಬಿಟ್ಟು ಡಿ6ರ ಕಾಲಾಳಿನಿಂದ ಕುದುರೆಯನ್ನೇ ಹೊಡೆದರೆ ಬಿಳಿ ಮಂತ್ರಿ ಜಿ4ರ ಒಂಟೆಯನ್ನು ತಿಂದು ಒಂದು ಕಾಲಾಳು ಮೇಲಾಗಿ ಉಳಿಯುತ್ತದೆ. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನ ಲೇಗಾಲ್ ಅವರ ಹೆಸರಿನಲ್ಲಿ ಈ ಮಾತ್ ಇಂದಿಗೂ ಪಾಠವಾಗಿದೆ.

ಈಗ ಒಂದೇ ಒಂದು ಬದಲಾವಣೆ ಮಾಡಿ. ಕಪ್ಪು ಜಿ6ರ ಬದಲು ಕುದುರೆಯನ್ನು ಸಿ6ಕ್ಕೆ ತಂದಿದೆ ಎಂದಿಟ್ಟುಕೊಳ್ಳಿ. ಚಿತ್ರ ಹೆಚ್ಚುಕಡಿಮೆ ಅದೇ, ಪಿನ್ ಅದೇ. ಆದರೆ ಬಿಳಿ ಕುದುರೆ ಇ5ರಲ್ಲಿ ಹೊಡೆದರೆ ಸಿ6ರ ಕುದುರೆ ಅದನ್ನು ತಿನ್ನುತ್ತದೆ, ತಿಂದು ಇ5ರಲ್ಲಿ ಕೂತು ಜಿ4ರ ಒಂಟೆಗೂ ಕಾವಲಾಗುತ್ತದೆ. ಬಿಳಿ ಮಂತ್ರಿ ಒಂಟೆಯ ಮೇಲೆ ಬಿದ್ದರೆ ಮಂತ್ರಿಯೇ ಹೋಗುತ್ತದೆ. ಒಂದು ಕಾಲಾಳಿಗಾಗಿ ಒಂದು ಕುದುರೆ ದಂಡ. ಕಂಠಪಾಠವಾದ ವರಸೆ ತಾನಾಗಿಯೇ ಒಳ್ಳೆಯ ನಡೆಯಾಗುವುದಿಲ್ಲ. ಎದುರಾಳಿಯ ಅತ್ಯುತ್ತಮ ಉತ್ತರಕ್ಕೆ ಅದು ತಡೆದುಕೊಂಡು ನಿಂತರೆ ಮಾತ್ರ ಒಳ್ಳೆಯದು. ಎದುರಾಳಿ ತಪ್ಪುತ್ತಾನೆ ಎಂದು ನಂಬಿ ಆಡುವ ನಡೆ ಮಕ್ಕಳ ಆಟದಲ್ಲಿ ಹತ್ತು ಸಲ ಗೆಲ್ಲಿಸೀತು, ಅದೇ ನಡೆ ಅವರ ಬೆಳವಣಿಗೆಯನ್ನು ಅಲ್ಲೇ ನಿಲ್ಲಿಸುತ್ತದೆ. ಈ ಲೇಖನದಲ್ಲಿ ಒತ್ತಿ ಹೇಳಬೇಕಾದ ಮಾತು ಇದೊಂದೇ.

ಕಣ್ಣಿಗೆ ಹೊಡೆಯುವ ನಡೆಯೇ ಯಾವಾಗಲೂ ಸರಿಯಾಗಿರಬೇಕಿಲ್ಲ ಎಂಬುದಕ್ಕೆ 1895ರ ಸಾವೆದ್ರಾ ಸ್ಥಿತಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹಲಗೆಯ ಮೇಲೆ ನಾಲ್ಕೇ ಕಾಯಿ: ಬಿಳಿ ರಾಜ ಬಿ6, ಕಾಲಾಳು ಸಿ6, ಕಪ್ಪು ರಾಜ ಎ1, ಆನೆ ಡಿ5. ಆಟ ಡ್ರಾ ಎಂದು ಗ್ಲ್ಯಾಸ್ಗೋದ ಪತ್ರಿಕೆಯ ಅಂಕಣದಲ್ಲಿ ಅಚ್ಚಾಗಿತ್ತು. ಅದೇ ಊರಿನಲ್ಲಿದ್ದ ಸ್ಪೇನ್ ಮೂಲದ ಪಾದ್ರಿ ಫೆರ್ನಾಂಡೋ ಸಾವೆದ್ರಾ ಗೆಲುವು ತೋರಿಸಿಕೊಟ್ಟರು. ಕಾಲಾಳು ಸಿ7ಕ್ಕೆ ಏರುತ್ತದೆ, ಆನೆ ಚೆಕ್ ಮೇಲೆ ಚೆಕ್ ಕೊಡುತ್ತದೆ, ರಾಜ ಬಿ5, ಬಿ4, ಬಿ3 ಎಂದು ಇಳಿಯುತ್ತಾ ಸಿ2 ಸೇರುತ್ತಾನೆ. ಆಗ ಕಪ್ಪು ಆನೆ ಡಿ4ಕ್ಕೆ ಹೋಗಿ ಬಲೆ ಬೀಸುತ್ತದೆ. ಕಾಲಾಳು ಸಿ8 ತಲುಪಿ ಮಂತ್ರಿಯಾದರೆ ಆನೆ ಸಿ4ರಲ್ಲಿ ಚೆಕ್ ಕೊಡುತ್ತದೆ. ಮಂತ್ರಿ ಅದನ್ನು ಹೊಡೆದೊಡನೆ ಕಪ್ಪು ರಾಜನಿಗೆ ನಡೆಯೇ ಇಲ್ಲದೆ ಆಟ ಡ್ರಾ, ಅಂದರೆ ಸ್ಟೇಲ್‌ಮೇಟ್. ಸಾವೆದ್ರಾ ಅಲ್ಲಿ ಆನೆಯನ್ನು ಕೇಳಿದರು. ಈಗ ಎ8ರಲ್ಲಿ ಮಾತ್‌ನ ಬೆದರಿಕೆ ಇರುವುದರಿಂದ ಕಪ್ಪು ಆನೆ ಎ4ಕ್ಕೆ ಬರಲೇಬೇಕು, ಬಿಳಿ ರಾಜ ಬಿ3ಕ್ಕೆ ಸರಿದರೆ ಒಂದು ಕಡೆ ಆನೆಯ ಮೇಲೆ ಕಣ್ಣು, ಇನ್ನೊಂದು ಕಡೆ ಸಿ1ರಲ್ಲಿ ಮಾತ್. ಎರಡನ್ನೂ ತಡೆಯಲಾಗದು. ಒಂಬತ್ತು ಬೆಲೆಯ ಮಂತ್ರಿ ಸಿಗುವಾಗ ಐದು ಬೆಲೆಯ ಆನೆಯನ್ನು ಕೇಳುವ ಧೈರ್ಯ ಲೆಕ್ಕದಿಂದ ಮಾತ್ರ ಬರುತ್ತದೆ.

ತಂತ್ರ ಯಾವಾಗಲೂ ಸಿಡಿಲಿನಂತೆ ಬರಬೇಕೆಂದೂ ಇಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 14ನೆಯ ಆಟ ಡ್ರಾ ಕಡೆಗೆ ಸಾಗಿತ್ತು. ಬಿಳಿ ಕಾಯಿಗಳಲ್ಲಿ ಆಡುತ್ತಿದ್ದ ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದು ವಿನಿಮಯಕ್ಕೆ ಒಡ್ಡಿದರು. ಅವರ ಒಂಟೆ ಮೂಲೆಯ ಎ8ರಲ್ಲಿ ಸಿಕ್ಕಿಕೊಂಡಿತ್ತು. ಡಿ. ಗುಕೇಶ್ ಆನೆಗಳನ್ನು ಬದಲಾಯಿಸಿ ತಮ್ಮ ಒಂಟೆಯನ್ನು ಡಿ5ಕ್ಕೆ ಇಟ್ಟರು. ಬಿಳಿ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ಒಂಟೆಗಳೂ ಹೋದವು, ಉಳಿದದ್ದು ಎರಡು ಕಾಲಾಳಿನೆದುರು ಒಂದು ಕಾಲಾಳಿನ ಅಂತ್ಯದಾಟ. 58ನೆಯ ನಡೆಗೆ ಡಿಂಗ್ ಸೋಲೊಪ್ಪಿಕೊಂಡರು, 18ರ ಗುಕೇಶ್ ವಿಶ್ವ ಚಾಂಪಿಯನ್ ಆದರು. ಬಲಿಯಿಲ್ಲ, ಮಾತ್ ಇಲ್ಲ. ಮೂಲೆಯಲ್ಲಿ ಸಿಕ್ಕ ಒಂಟೆ ಎಂಬ ಕೊರತೆ ಇತ್ತು, ಅದನ್ನು ಕಂಡ ಕಣ್ಣಿತ್ತು.

ಕಣ್ಣು ಮತ್ತು ಯಂತ್ರ

ಆ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಕೆದಕಿದ್ದಾರೆ. ನೆದರ್‌ಲ್ಯಾಂಡ್ಸಿನ ಅಡ್ರಿಯಾನ್ ಡಿ ಗ್ರೂಟ್ 1940ರ ದಶಕದಲ್ಲಿ ಆಟಗಾರರನ್ನು ಬಾಯಿಬಿಟ್ಟು ಯೋಚಿಸಲು ಹೇಳಿ ದಾಖಲಿಸಿಕೊಂಡರು. ದೊಡ್ಡ ಆಟಗಾರರು ಉಳಿದವರಿಗಿಂತ ಬಹಳ ಹೆಚ್ಚು ನಡೆಗಳನ್ನೇನೂ ನೋಡುತ್ತಿರಲಿಲ್ಲ. ನೋಡುವ ಕೆಲವೇ ನಡೆಗಳು ಒಳ್ಳೆಯವಾಗಿರುತ್ತಿದ್ದವು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ನಿಜವಾದ ಆಟಗಳ ಸ್ಥಿತಿಗಳನ್ನು ಐದು ಸೆಕೆಂಡು ತೋರಿಸಿ ಮರೆಮಾಡಿದರು. ಮಾಸ್ಟರ್ ಬಹುತೇಕ ಕಾಯಿಗಳನ್ನು ನೆನಪಿನಿಂದಲೇ ಜೋಡಿಸಿದರು. ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದಾಗ ಆ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ನೆನಪಿನಲ್ಲಿ ನಿಲ್ಲುವುದು ಬಿಡಿಬಿಡಿ ಕಾಯಿಯಲ್ಲ, ಅವುಗಳ ಸಂಬಂಧ. ಸಾವಿರಾರು ಪಜಲ್ ಬಿಡಿಸಿದ ಮಗುವಿಗೆ ಫೋರ್ಕ್ ‘ಕಾಣಿಸುವುದು’ ಈ ಕಾರಣಕ್ಕೆ.

ಕಂಪ್ಯೂಟರಿನ ದಾರಿಯೇ ಬೇರೆ. ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು 1997ರ ಮೇ ತಿಂಗಳಲ್ಲಿ ಮೂರೂವರೆ–ಎರಡೂವರೆ ಅಂಕಗಳಿಂದ ಸೋಲಿಸಿದ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ತೂಗುತ್ತಿತ್ತು. ಎದುರಾಳಿಯ ಒಂದು ಒಳ್ಳೆಯ ಉತ್ತರ ಸಿಕ್ಕೊಡನೆ ಆ ನಡೆಯ ಉಳಿದ ಕವಲುಗಳನ್ನು ನೋಡದೆ ಬಿಡುವ ಲೆಕ್ಕಾಚಾರ ಯಂತ್ರದ ಕೆಲಸವನ್ನು ಹಗುರಮಾಡುತ್ತದೆ. ಹೊಡೆದಾಟದ ನಡುವೆ ಲೆಕ್ಕ ನಿಲ್ಲಿಸಿದರೆ ಸಿಗುವ ಉತ್ತರ ಸುಳ್ಳಾಗುವುದರಿಂದ, ಹೊಡೆತಗಳೆಲ್ಲ ತಣ್ಣಗಾಗುವವರೆಗೂ ಅದು ಮುಂದುವರಿಯುತ್ತದೆ. ಈ ಎರಡನೆಯ ಅಭ್ಯಾಸವನ್ನು ಮನುಷ್ಯರೂ ಕಲಿಯಬೇಕು. ಯಾರಿಗೂ ಉಚಿತವಾಗಿ ಸಿಗುವ ಸ್ಟಾಕ್‌ಫಿಶ್ ಎಂಬ ಚದುರಂಗ ತಂತ್ರಾಂಶ 2020ರಿಂದ ನರಜಾಲದ ಅಂದಾಜನ್ನೂ ಸೇರಿಸಿಕೊಂಡಿದ್ದು, ಇಂದು ಯಾವ ಮನುಷ್ಯನೂ ಅದರೆದುರು ನಿಲ್ಲಲಾರ.

ಕರ್ನಾಟಕದಲ್ಲಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಅರಸರ ವಿನೋದಗಳ ನಡುವೆ ಚದುರಂಗಕ್ಕೂ ಜಾಗ ಕೊಟ್ಟಿದೆ. ನಮ್ಮ ಮನೆಗಳಲ್ಲಿ ಆಡುತ್ತಿದ್ದ ಹಳೆಯ ಕ್ರಮದಲ್ಲಿ ಕಾಲಾಳಿಗೆ ಮೊದಲ ಸಲವೂ ಒಂದೇ ಮನೆ. ಕೋಟೆ ಕಟ್ಟುವುದಿಲ್ಲ, ಬದಲಿಗೆ ಚೆಕ್ ಬೀಳುವ ಮೊದಲು ರಾಜ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಈ ಒಂದು ಜಿಗಿತ ತಂತ್ರದ ಲೆಕ್ಕವನ್ನೇ ಬದಲಿಸುತ್ತದೆ. ಮಾತ್‌ಗೆ ಬಲೆ ನೇಯುವವನು ರಾಜನ ಸುತ್ತಲಿನ ಎಂಟು ಮನೆಗಳ ಜೊತೆಗೆ ಆತ ಹಾರಬಹುದಾದ ದೂರದ ಮನೆಗಳನ್ನೂ ಮುಚ್ಚಬೇಕು, ಇಲ್ಲವೆ ಮೊದಲೇ ಒಂದು ಚೆಕ್ ಕೊಟ್ಟು ಆ ಹಕ್ಕನ್ನು ಕಿತ್ತುಕೊಳ್ಳಬೇಕು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರನ್ನು ಬಿಟ್ಟು ಕನ್ನಡ ನಾಡಿನ ಚದುರಂಗದ ಮಾತು ಪೂರ್ತಿಯಾಗದು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಒಡೆಯರ ಆಸಕ್ತಿ ಕಲೆ, ಗ್ರಂಥರಚನೆ, ಹಲಗೆಯಾಟಗಳ ಕಡೆಗೆ ಹರಿಯಿತು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿವರವಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಮೇಲಂತಸ್ತಿನ ರಂಗಮಹಲಿನ ಗೋಡೆಗಳಲ್ಲಿ ಅವರ ಕಾಲದ ಆಟಗಳ ಚಿತ್ರಗಳನ್ನು ಇಂದಿಗೂ ನೋಡಬಹುದು. ಕುದುರೆಯೊಂದೇ ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟುತ್ತಾ 64 ಮನೆ ಸುತ್ತುವ ನಡಿಗೆಗಳನ್ನು ಅವರು ರಚಿಸಿದರು.

ಈ ಕುದುರೆ ನಡಿಗೆಗೆ ಕಾವ್ಯದ ನಂಟೂ ಇದೆ. ವೇದಾಂತ ದೇಶಿಕರ ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿ ಒಂದು ಶ್ಲೋಕದ ಅಕ್ಷರಗಳನ್ನು ಮನೆಗಳಲ್ಲಿಟ್ಟು ಕುದುರೆಯ ನಡೆಯಂತೆ ಓದಿದರೆ ಮುಂದಿನ ಶ್ಲೋಕ ಹೊರಡುತ್ತದೆ. ದೇಶಿಕರು ಶ್ರೀರಂಗದ ಮೇಲಿನ ದಾಳಿಯ ಕಾಲದಲ್ಲಿ ಆಶ್ರಯ ಪಡೆದ ಊರೆಂದು ಸಂಪ್ರದಾಯ ಹೇಳುವ ಸತ್ಯಾಗಾಲ, ಮಳವಳ್ಳಿ ಸೀಮೆಯಿಂದ ಕಾವೇರಿ ದಾಟಿದರೆ ಕೊಳ್ಳೇಗಾಲದ ಕಡೆ ಸಿಗುತ್ತದೆ. ಕುದುರೆ ನಡಿಗೆ ಎದುರಾಳಿಯಿಲ್ಲದ ಆಟವಾದರೂ ತಂತ್ರನಡೆಯ ಹುಡುಕಾಟಕ್ಕೆ ಹತ್ತಿರದ್ದು. 1823ರಲ್ಲಿ ವಾರ್ನ್ಸ್‌ಡೋರ್ಫ್ ಕೊಟ್ಟ ಸೂತ್ರದಂತೆ, ಮುಂದಕ್ಕೆ ಅತಿ ಕಡಿಮೆ ದಾರಿಗಳಿರುವ ಮನೆಗೆ ಮೊದಲು ಹೋಗಬೇಕು. ನಾಲೆಯ ಕೊನೆಯಂಚಿನ ಜಮೀನಿಗೆ ಮೊದಲು ನೀರು ಹರಿಸಿದಂತೆ ಇದು. ಮೂಲೆಯ ಮನೆಗೆ ಎರಡೇ ದಾರಿ, ನಡುಹಲಗೆಗೆ ಎಂಟು, ಕಷ್ಟದ್ದನ್ನು ತಡಮಾಡಿದರೆ ಅದು ತಪ್ಪಿಯೇ ಹೋಗುತ್ತದೆ. ಆಯ್ಕೆ ಕಡಿಮೆ ಇರುವ ಕಡೆಯಿಂದ ಲೆಕ್ಕ ಶುರುಮಾಡು ಎಂಬ ತರಬೇತುದಾರರ ಮಾತೂ ಇದೇ ಜಾಡಿನದು.

ಹಳ್ಳಿಗಳಲ್ಲಿ ಜಗಲಿಯ ಮೇಲೆ ಆಡುತ್ತಿದ್ದ ಹುಲಿ–ಕುರಿ ಆಟದಲ್ಲೂ ಇಂಥ ಲೆಕ್ಕವಿದೆ: ಹಾರಿ ತಿನ್ನುವ ಹುಲಿಗೆ ಕುರಿಯ ಹಿಂದಿನ ಮನೆ ಖಾಲಿ ಬಿಡಬಾರದು, ಒಂದು ಕುರಿಯನ್ನು ಬಿಟ್ಟುಕೊಟ್ಟಾದರೂ ಅದನ್ನು ಮೂಲೆಗೆ ಸೆಳೆಯಬೇಕು.

ಆಧುನಿಕ ಚದುರಂಗದಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್. 2017ರಲ್ಲಿ ಆ ಪದವಿ ಪಡೆದ ಅವರು ದೇಶದ 50ನೆಯವರು. ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್ 1988ರಲ್ಲೇ ಆ ಎತ್ತರ ತಲುಪಿದ್ದರು ಎಂಬುದನ್ನು ನೆನೆದರೆ ಕರ್ನಾಟಕ ಕಾದ ಕಾಲ ದೀರ್ಘವೇ. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರುಮೇನಿಯಾದ ಮಾಮಾಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಕಿರೀಟ ಗೆದ್ದು, ಅದೇ ಹೊತ್ತಿಗೆ ದೇಶದ 76ನೆಯ ಗ್ರ್ಯಾಂಡ್‌ಮಾಸ್ಟರ್ ಆದರು.

ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅಂಧರ ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನು ಹಲವು ಬಾರಿ ಗೆದ್ದವರು. ಅಂಧರ ಹಲಗೆಯಲ್ಲಿ ಕಪ್ಪು ಮನೆಗಳು ಕೊಂಚ ಉಬ್ಬಿರುತ್ತವೆ, ಪ್ರತಿ ಮನೆಯಲ್ಲೂ ಕಾಯಿ ನಾಟಲು ತೂತಿರುತ್ತದೆ, ಬಣ್ಣ ತಿಳಿಯಲು ಒಂದು ಪಕ್ಷದ ಕಾಯಿಗಳ ತಲೆಯಲ್ಲಿ ಗುರುತಿರುತ್ತದೆ. ಇಬ್ಬರಿಗೂ ಬೇರೆ ಬೇರೆ ಹಲಗೆ. ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಪಿನ್ ಆದ ಕುದುರೆ, ಕಾವಲಿಲ್ಲದ ಒಂಟೆ ಎಲ್ಲವನ್ನೂ ಬೆರಳಿನಿಂದ ಓದಿ ಮನಸ್ಸಿನಲ್ಲಿ ಕೂಡಿಸಿಕೊಳ್ಳುವ ಈ ಆಟಗಾರರ ಸಾಧನೆಗೆ ನಮ್ಮ ಪತ್ರಿಕೆಗಳು ಕೊಟ್ಟಿರುವ ಜಾಗ ಏನೇನೂ ಸಾಲದು.

ಅಭ್ಯಾಸ

ದೊಡ್ಡ ನಗರದ ಹೊರಗಿರುವ ಮಗು ಅಭ್ಯಾಸ ಮಾಡುವುದು ಹೇಗೆ? ಮದ್ದೂರು ತಾಲ್ಲೂಕಿನ ನಿಡಘಟ್ಟವನ್ನೇ ತೆಗೆದುಕೊಳ್ಳಿ, ಅದು ಬೆಂಗಳೂರು ಮತ್ತು ಮೈಸೂರಿನ ನಡುವೆ ಬರುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎರಡು ಭಾಗವಾಗಿ ಕಟ್ಟಿದಾಗ ಎರಡೂ ಸೇರಿದ್ದು ಇಲ್ಲೇ. ಬೆಂಗಳೂರಿನ ಕಡೆಗೆ 56 ಕಿ.ಮೀ., ಮೈಸೂರಿನ ಕಡೆಗೆ 61 ಕಿ.ಮೀ. ಇಂಥ ಊರಿನ ಮಗುವಿಗೆ ಎರಡೂ ನಗರಗಳ ಟೂರ್ನಿಗಳು ಒಂದು ದಿನದ ಪ್ರಯಾಣದೊಳಗೆ ಸಿಗುತ್ತವೆ, ದಿನನಿತ್ಯದ ತರಬೇತಿ ಮಾತ್ರ ಮನೆಯಲ್ಲೇ ಆಗಬೇಕು. ಅದೃಷ್ಟಕ್ಕೆ ಚದುರಂಗದಲ್ಲಿ ಒಬ್ಬರೇ ಕೂತು ಬೆಳೆಸಿಕೊಳ್ಳಬಹುದಾದ ಭಾಗವೆಂದರೆ ತಂತ್ರವೇ. ಲೀಚೆಸ್ ಜಾಲತಾಣ ಲಕ್ಷಾಂತರ ಪಜಲ್‌ಗಳನ್ನು ಪೂರ್ತಿ ಉಚಿತವಾಗಿ ಕೊಡುತ್ತದೆ, ಒಂದು ಫೋನು ಸಾಕು.

ಫೋನಿನಲ್ಲಿ ಒಂದು ಅಪಾಯವೂ ಇದೆ. ಬೆರಳು ಅಂದಾಜಿಗೆ ಓಡುತ್ತದೆ, ತಪ್ಪಾದರೆ ಇನ್ನೊಂದು ನಡೆ, ಹಾಗೇ ಮುಂದಿನ ಪಜಲ್. ದಿನಕ್ಕೆ ಐವತ್ತನ್ನು ಹೀಗೆ ಮುಗಿಸುವುದಕ್ಕಿಂತ ಐದನ್ನು ಹಲಗೆಯ ಮೇಲೆ ಜೋಡಿಸಿ, ಕಾಯಿ ಮುಟ್ಟದೆ, ಎದುರಾಳಿಯ ಅತಿ ಗಟ್ಟಿ ಉತ್ತರವೂ ಸೇರಿದಂತೆ ಪೂರ್ತಿ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಪರಿಹಾರ ನೋಡುವುದು ಮೇಲು. ಆಡುವ ಮುನ್ನ ನಡೆಯನ್ನು ಬರೆದುಕೊಂಡು, ಅದನ್ನು ಹೊಸ ಕಣ್ಣಿನಿಂದ ಮತ್ತೊಮ್ಮೆ ನೋಡಿ ಆಮೇಲೆ ಆಡಿ ಎಂದು ರಷ್ಯಾದ ಬ್ಲೂಮೆನ್‌ಫೆಲ್ಡ್ ಸಲಹೆ ಕೊಟ್ಟಿದ್ದರು. ವಿಶ್ವ ಚದುರಂಗ ಒಕ್ಕೂಟವಾದ ಫಿಡೆಯ ಈಗಿನ ನಿಯಮಗಳು ಮೊದಲೇ ಬರೆಯಲು ಬಿಡುವುದಿಲ್ಲ, ಮನೆಯ ಅಭ್ಯಾಸಕ್ಕೆ ಅಡ್ಡಿಯಿಲ್ಲ.

ಪಜಲ್ ಬಿಡಿಸುವುದಕ್ಕೂ ಆಡುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಪಜಲ್ ಎಂದೊಡನೆ ಇಲ್ಲಿ ಏನೋ ಅಡಗಿದೆ ಎಂಬ ಸುಳಿವು ಸಿಕ್ಕಿಬಿಡುತ್ತದೆ. ಆಟದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಆದ್ದರಿಂದ ಏನೂ ಇಲ್ಲದ ಸಾಧಾರಣ ಸ್ಥಿತಿಗಳನ್ನೂ ಅಭ್ಯಾಸದ ಕಟ್ಟಿಗೆ ಸೇರಿಸಬೇಕು, ಮತ್ತು ತಾನೇ ಆಡಿದ ಆಟಗಳನ್ನು ಕಂಪ್ಯೂಟರಿಗೆ ತೋರಿಸುವ ಮೊದಲು ಒಮ್ಮೆ ತಾನೇ ತಡಕಾಡಿ, ಇಬ್ಬರ ಕಣ್ಣಿಗೂ ಬೀಳದೆ ಹೋದ ನಡೆಗಳನ್ನು ಗುರುತುಹಾಕಿಕೊಳ್ಳಬೇಕು.